ಒಪ್ಪಂದದ ವದಂತಿ ಓದಿ ಓದಿ ರೆಸ್ಲಿಂಗ್ ನೋಡುವ ಖುಷಿಯೇ ಹೋಗಿದೆ: ಓದುವುದನ್ನು ಬಿಟ್ಟವರು, ಬಿಡದವರು ಅನುಭವ ಹೇಳಿ

ಮುಂದಿನ ಸಾಲು (ಪ್ರಶ್ನೆ):
ನನ್ನ ಮೆಚ್ಚಿನ ರೆಸ್ಲರ್‌ನ ಒಪ್ಪಂದ ಮುಗಿಯುತ್ತಾ ಬಂದಿದೆ, ಹೊಸದಕ್ಕೆ ಇನ್ನೂ ಸಹಿ ಬಿದ್ದಿಲ್ಲ ಎಂಬ ವದಂತಿ ಎದ್ದಾಗಿನಿಂದ ಒಂದು ಪಂದ್ಯವನ್ನೂ ನೆಮ್ಮದಿಯಾಗಿ ನೋಡಲಾಗುತ್ತಿಲ್ಲ. ಫಲಿತಾಂಶವನ್ನು ಸಂಸ್ಥೆಯೇ ಮೊದಲು ನಿರ್ಧರಿಸುವ ಆಟವಲ್ಲವೇ, ಸೋತರೆ, ಕಳುಹಿಸುವ ಮೊದಲು ಬೆಲೆ ಇಳಿಸುತ್ತಿದ್ದಾರೆ ಎನಿಸುತ್ತದೆ. ಗೆದ್ದರೆ, ಸಹಿ ಹಾಕಿರಬೇಕು ಎನಿಸುತ್ತದೆ. ಕಥೆಯ ಕಡೆಗೆ ಗಮನವೇ ಹೋಗುವುದಿಲ್ಲ. ವದಂತಿ ಓದುವುದನ್ನು ಪೂರ್ತಿ ಬಿಟ್ಟವರಿದ್ದರೆ ಹೇಳಿ. ಹೊರಟವರ ಹಿಂದೆ ಬೇರೆ ಸಂಸ್ಥೆಗೆ ಹೋಗುವುದು ಒಳ್ಳೆಯದೇ, ಇದ್ದಲ್ಲೇ ಉಳಿಯುವುದೇ?

ತುದಿಹಗ್ಗ:
2014ರ ಜನವರಿಯಲ್ಲಿ ಡಬ್ಲ್ಯುಡಬ್ಲ್ಯುಇ ಸಂಸ್ಥೆಯ ರಾಯಲ್ ರಂಬಲ್ ಕಾರ್ಯಕ್ರಮ ಮುಗಿದ ಮರುದಿನ ನನ್ನ ಮೆಚ್ಚಿನ ರೆಸ್ಲರ್ ಸಿಎಂ ಪಂಕ್ ಎದ್ದು ಹೊರಟುಹೋದ. ಸಂಸ್ಥೆಯಿಂದ ಒಂದು ಮಾತಿಲ್ಲ. ಫೆಬ್ರವರಿ ಕೊನೆಗೆ ಪಂದ್ಯಗಳನ್ನು ಅಂತರ್ಜಾಲದಲ್ಲಿ ತೋರಿಸುವ, ತಿಂಗಳಿಗೆ 9.99 ಡಾಲರಿನ ಅವರದೇ ನೆಟ್‌ವರ್ಕ್ ಆರಂಭವಾಯಿತು. ಆಗ ಆರು ತಿಂಗಳ ಚಂದಾ ಕಡ್ಡಾಯವಾಗಿತ್ತು, ನಡುವೆ ಬಿಡುವಂತಿರಲಿಲ್ಲ. ವರ್ಷದ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾಕ್ಕೆ ಅವನು ಬರುತ್ತಾನೆ ಎಂದು ಓದಿದ್ದೆ, ಚಂದಾ ಕಟ್ಟಿದೆ. ಮಾರ್ಚ್ 3ರಂದು ಷಿಕಾಗೊದಲ್ಲಿ ವಾರದ ಟಿವಿ ಕಾರ್ಯಕ್ರಮ ರಾ ಆರಂಭವಾದದ್ದೇ ಅವನ ಪ್ರವೇಶ ಸಂಗೀತದಿಂದ. ಕುರ್ಚಿಯಿಂದ ಎದ್ದು ನಿಂತೆ. ಹೊರಬಂದದ್ದು ಅವನ ಹಳೆಯ ಮ್ಯಾನೇಜರ್ ಪಾಲ್ ಹೇಮನ್. ಆ ಕ್ಷಣದ ಕೋಪ ಇವತ್ತಿಗೂ ಆರಿಲ್ಲ.

ಆದರೂ ವದಂತಿ ಓದುವುದನ್ನು ನಾನು ಬಿಡಲಿಲ್ಲ. ಅವನ ಪ್ರತಿ ಸಂದರ್ಶನ, ಪ್ರತಿ ಅಲ್ಲಗಳೆಯುವಿಕೆ, ಎಲ್ಲವನ್ನೂ ಓದಿದೆ. ಏಳು ವರ್ಷ ಅವನು ಬರುವುದಿಲ್ಲ ಎಂದವರೇ ಹೆಚ್ಚು. 2021ರ ಆಗಸ್ಟ್ 20ರಂದು ಷಿಕಾಗೊದ ಯುನೈಟೆಡ್ ಸೆಂಟರ್‌ನಲ್ಲಿ ಎದುರಾಳಿ ಸಂಸ್ಥೆ ಎಇಡಬ್ಲ್ಯು ವೇದಿಕೆಗೆ ಅವನು ಕಾಲಿಟ್ಟಾಗ, ಕಾದವರಿಗೆ ಸಿಕ್ಕಿದ್ದು ಬೇರೆ ಯಾರಿಗೂ ಸಿಕ್ಕಿಲ್ಲ. ಹಿಂದೆ ಹೋಗಿ, ಖಂಡಿತ ಹೋಗಿ.

ಕೌಂಟ್ ಔಟ್:
ಹಿಂದೆ ಹೋಗಿ ಎನ್ನುವವರು ಮುಂದಿನ ಅಧ್ಯಾಯವನ್ನೂ ಹೇಳಬೇಕು. 2022ರಲ್ಲಿ ಎಇಡಬ್ಲ್ಯು ಕಾರ್ಯಕ್ರಮ ಆಲ್ ಔಟ್ ಮುಗಿದ ರಾತ್ರಿ ಪಂಕ್‌ನ ಪತ್ರಿಕಾಗೋಷ್ಠಿ, ಆಮೇಲೆ ತೆರೆಮರೆಯ ಹೊಡೆದಾಟ. 2023ರಲ್ಲಿ ವೆಂಬ್ಲಿಯಲ್ಲಿ ಮತ್ತೊಂದು ಜಗಳ, ಸೆಪ್ಟೆಂಬರ್ 2ರಂದು ಕೆಲಸದಿಂದಲೇ ತೆಗೆದರು. ಮೂರು ತಿಂಗಳೊಳಗೆ ಸರ್ವೈವರ್ ಸೀರೀಸ್‌ನಲ್ಲಿ ಹಳೆಯ ಮನೆ ಡಬ್ಲ್ಯುಡಬ್ಲ್ಯುಇಗೇ ಮರಳಿದ. ಅವನನ್ನು ನಂಬಿ ಎಇಡಬ್ಲ್ಯುಗೆ ಹೋದವರ ಗತಿ ಏನು?

ನಾನು ಕೋಡಿ ರೋಡ್ಸ್ ಕಡೆಯವನು. 2016ರಲ್ಲಿ ಡಬ್ಲ್ಯುಡಬ್ಲ್ಯುಇಯನ್ನು ತಾನಾಗಿ ಬಿಟ್ಟ, ಹೊರಗೆ ಹೆಸರು ಕಟ್ಟಿದ, 2022ರಲ್ಲಿ ಮರಳಿದ. ಅದೇ ವರ್ಷ ಜೂನ್ 5ರಂದು ಎದೆಯ ಸ್ನಾಯು ಹರಿದು, ಅರ್ಧ ಎದೆ ನೇರಳೆಗಟ್ಟಿದ್ದರೂ ಪಂಜರದೊಳಗಿನ ಹೆಲ್ ಇನ್ ಎ ಸೆಲ್ ಪಂದ್ಯ ಆಡಿ ಗೆದ್ದ. 2023ರ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ರೋಮನ್ ರೇನ್ಸ್ ಎದುರು ಅವನನ್ನು ಸೋಲಿಸಿದರು. 2024ರ ಫೆಬ್ರವರಿ ಆರಂಭದಲ್ಲಿ ರೇನ್ಸ್ ಎದುರಿನ ಅವನ ಜಾಗವನ್ನು ದಿ ರಾಕ್‌ಗೆ ಕೊಡಲು ಹೊರಟಾಗ ಒಳಸುದ್ದಿ ಓದಿ ಕೆರಳಿದವರು ನಾವು. ಒಂದು ವಾರದೊಳಗೆ ಲಾಸ್ ವೇಗಸ್‌ನಲ್ಲಿ ಕಥೆ ಕೋಡಿಯ ಕಡೆಗೆ ತಿರುಗಿತು. ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ಕೋಡಿ ಗೆದ್ದು ರೇನ್ಸ್‌ನ 1,316 ದಿನಗಳ ಆಳ್ವಿಕೆ ಮುಗಿಯಿತು. ಏನೂ ಓದದೆ ಸುಮ್ಮನೆ ಪರದೆ ನೋಡುತ್ತಾ ಕೂತಿದ್ದರೆ ಆ ಗೆಲುವು ಬರುತ್ತಿರಲಿಲ್ಲ. ಓದಿ, ಗಲಾಟೆ ಮಾಡಿ.

ತುದಿಹಗ್ಗ:
ಗತಿ ಏನು ಎಂದು ಕೇಳಿದಿರಲ್ಲ, ಎರಡು ವರ್ಷ ಅತ್ಯುತ್ತಮ ಪಂದ್ಯಗಳನ್ನು ನೋಡಿದೆವು, ಅದೇ ಗತಿ. ನಿಮ್ಮ ಕೋಡಿ ತಾನೇ ಕಟ್ಟಿದ ಎಇಡಬ್ಲ್ಯುವನ್ನು ಬಿಟ್ಟು ಬಂದದ್ದಕ್ಕೆ ಮಾತ್ರ ನಿಷ್ಠೆಯ ಪ್ರಶ್ನೆ ಏಳುವುದಿಲ್ಲವೇ?

ಹಳೆಯ ಗಂಟೆ:
ಇಬ್ಬರೂ ಕೂಗಾಡುವುದನ್ನು ನಿಲ್ಲಿಸಿ. ನಾನು ಬ್ರೆಟ್ ಹಾರ್ಟ್ ಅಭಿಮಾನಿ. 1997ರ ನವೆಂಬರ್ 9, ಮಾಂಟ್ರಿಯಲ್. 1996ರಲ್ಲಿ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಜೊತೆ ಇಪ್ಪತ್ತು ವರ್ಷಗಳ ಒಪ್ಪಂದ ಮಾಡಿಕೊಂಡವನಿಗೆ ಮರುವರ್ಷವೇ ಹಣವಿಲ್ಲ, ಬೇರೆಡೆ ಮಾತನಾಡಿಕೋ ಎಂದರು. ಅವನದೇ ಶಾರ್ಪ್‌ಶೂಟರ್ ಪಟ್ಟನ್ನು ಶಾನ್ ಮೈಕೆಲ್ಸ್ ಅವನ ಮೇಲೆಯೇ ಹಾಕಿದಾಗ, ಅವನು ಸೋಲೊಪ್ಪದೆಯೇ ಗಂಟೆ ಬಾರಿಸಿ ಪಂದ್ಯ ಮುಗಿಸಿದರು. ಆ ಗಾಯ ಆರಲು ನನಗೆ ವರ್ಷಗಳು ಹಿಡಿದವು. ನಾನು ವದಂತಿ ಓದುವುದಿಲ್ಲ, ಓದುವವರ ಜೊತೆ ಕೂತು ನೋಡುವುದೂ ಇಲ್ಲ. ಗೆಳೆಯನೊಬ್ಬ ಫಲಿತಾಂಶವನ್ನು ಮೊದಲೇ ಹೇಳಿಬಿಟ್ಟ ಮೇಲೆ ಅವನ ಜೊತೆ ಪಂದ್ಯ ನೋಡುವುದನ್ನೇ ನಿಲ್ಲಿಸಿದೆ. ಈಗ ಕಥೆ ನನಗೆ ಕಥೆಯಾಗಿಯೇ ಸಿಗುತ್ತದೆ.

ಕೌಂಟ್ ಔಟ್:
ಬ್ರೆಟ್ ಆಗಿನ ಎದುರಾಳಿ ಸಂಸ್ಥೆ ಡಬ್ಲ್ಯುಸಿಡಬ್ಲ್ಯುಗೆ ಹೋಗುವುದು ಆ ಪಂದ್ಯಕ್ಕೆ ಮೊದಲೇ ಅಂತರ್ಜಾಲದಲ್ಲಿ ಬಂದಿತ್ತು. ಓದಿದ್ದವರಿಗೆ ಅಂದು ಎದೆ ಒಡೆದುಹೋಗಲಿಲ್ಲ, ಏನೋ ಆಗುತ್ತದೆ ಎಂಬ ಸುಳಿವಿತ್ತು.

ಹಳೆಯ ಗಂಟೆ:
ಸುಳಿವಿತ್ತಂತೆ! ರಿಂಗಿನಲ್ಲಿದ್ದ ಬ್ರೆಟ್‌ಗೇ ತಿಳಿಯದ ಮೋಸ ನಿಮಗೆ ತಿಳಿದಿತ್ತೇ? ಅವನು ಹೊರಡುತ್ತಾನೆ ಎಂಬುದು ಸುದ್ದಿ. ಅವನನ್ನು ಹೇಗೆ ಹೊರಗೆ ಹಾಕಿದರು ಎಂಬುದು ಬೇರೆಯೇ ವಿಷಯ.

ಟ್ಯಾಗ್ ಜೊತೆಗಾರ್ತಿ:
ಖರ್ಚಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ. 2022ರ ಮೇ 16ರಂದು ಸಾಶಾ ಬ್ಯಾಂಕ್ಸ್ ಮತ್ತು ನವೋಮಿ ರಾ ನಡೆಯುತ್ತಿದ್ದಾಗಲೇ ತಾವು ಗೆದ್ದಿದ್ದ ಟ್ಯಾಗ್ (ಜೋಡಿ ಪಂದ್ಯದ) ಬೆಲ್ಟ್‌ಗಳನ್ನು ಬಿಟ್ಟು ಹೊರನಡೆದರು. ಅದೇ ವಾರ ನಾನು ಅವರ ಹೆಸರಿನ ಅಂಗಿ ತರಿಸಿದ್ದೆ. ಅಂಗಿಗಿಂತ ಸಾಗಣೆ ದುಬಾರಿ, ಅದರ ಮೇಲೆ ಸುಂಕ, ಅಳತೆಯೂ ತಪ್ಪು. ಹಿಂದಿರುಗಿಸಲು ಕೇಳಿದರೆ ಮಾರಿದ ಅಂಗಡಿಯವರು ಹಿಂದಕ್ಕೆ ಕಳುಹಿಸುವ ಖರ್ಚೂ ನಿಮ್ಮದೇ ಎಂದರು. ಪತ್ರದ ಮೇಲೆ ಪತ್ರ ಬರೆದೆ, ಕೊನೆಗೆ ಉತ್ತರವೇ ನಿಂತಿತು.

ಸಾಶಾ 2023ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ಹೆಸರು ಬದಲಿಸಿಕೊಂಡು ಮರ್ಸಿಡಿಸ್ ಮೋನೆ ಆದಳು. ಅದಕ್ಕೊಂದು ಜಪಾನಿ ಚಂದಾ. ಫೆಬ್ರವರಿಯಲ್ಲಿ ಬೆಲ್ಟ್ ಗೆದ್ದಳು, ಮೇನಲ್ಲಿ ಕಾಲಿಗೆ ಪೆಟ್ಟು. ಅವಳಿಲ್ಲದ ತಿಂಗಳುಗಳಿಗೂ ಚಂದಾ ಹೋಗುತ್ತಲೇ ಇತ್ತು. 2024ರ ಮಾರ್ಚ್ 13ರಂದು ಅವಳು ತನ್ನೂರು ಎನ್ನುವ ಬಾಸ್ಟನ್‌ನಲ್ಲಿ ಎಇಡಬ್ಲ್ಯುಗೆ ಬಂದಳು. ಅದಕ್ಕೆ ಮತ್ತೊಂದು ಚಂದಾ. ನವೋಮಿ ಇಂಪ್ಯಾಕ್ಟ್ ಎಂಬ ಇನ್ನೊಂದು ಸಂಸ್ಥೆಗೆ ಹೋಗಿದ್ದಳು, ಅದಕ್ಕೂ ಒಂದು. ಜೋಡಿಯನ್ನು ಮೆಚ್ಚಿದವರಿಗೆ ಖರ್ಚೂ ಜೋಡಿಯೇ. ಆದರೂ ಬಾಸ್ಟನ್ ರಾತ್ರಿಗಾಗಿ ಇನ್ನೊಮ್ಮೆ ಅಷ್ಟೂ ಕೊಡುತ್ತೇನೆ.

ತುದಿಹಗ್ಗ:
ಇದನ್ನೇ ನಾನು ಹೇಳಿದ್ದು.

ಹಳೆಯ ಗಂಟೆ:
ಅಮ್ಮಾ, ಬೆಲ್ಟ್ ಇಟ್ಟು ನಡುವೆ ಎದ್ದು ಹೋಗುವುದು ನೋಡುಗರಿಗೆ ಮಾಡಿದ ಅವಮಾನ. ಅಂದು ಟಿಕೆಟ್ ಕೊಂಡು ಬಂದವರ ಪಾಡೇನು?

ಟ್ಯಾಗ್ ಜೊತೆಗಾರ್ತಿ:
ಸಂಸ್ಥೆ ಮೋಸ ಮಾಡಿದರೆ ಬ್ರೆಟ್ ಹುತಾತ್ಮ, ಹೆಂಗಸರು ಸಾಕು ಎಂದು ಎದ್ದರೆ ಅವಮಾನ. ಈ ತಕ್ಕಡಿಯನ್ನು ನೀವೇ ಇಟ್ಟುಕೊಳ್ಳಿ.

ಮುಂದಿನ ಸಾಲು:
ವದಂತಿ ಓದುವುದನ್ನು ಬಿಟ್ಟ ಮೊದಲ ವಾರಗಳು ಹೇಗಿರುತ್ತವೆ ಎಂದು ಯಾರಾದರೂ ಹೇಳುತ್ತೀರಾ?

ಹಳೆಯ ಗಂಟೆ:
ಚಡಪಡಿಕೆ ಇರುತ್ತದೆ, ಹೋಗುತ್ತದೆ. ಮಾಂಟ್ರಿಯಲ್ ಆದ ಮುಂದಿನ ವಾರ, ನವೆಂಬರ್ 17ರಂದು, ರಿಕ್ ರೂಡ್ ಒಂದೇ ರಾತ್ರಿ ಎರಡು ಸಂಸ್ಥೆಗಳ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡ. ರಾ ಮೊದಲೇ ಚಿತ್ರಿಸಿದ್ದು, ಡಬ್ಲ್ಯುಸಿಡಬ್ಲ್ಯು ಕಾರ್ಯಕ್ರಮ ನೈಟ್ರೊ ನೇರ ಪ್ರಸಾರ. ಏನೂ ತಿಳಿಯದೆ ನೋಡಿದ ನನಗೆ ಅಂದು ಆದ ಬೆರಗು ನಿಮಗೂ ಬೇಕು.

ಕೌಂಟ್ ಔಟ್:
ರಾದಲ್ಲಿ ಬರೀ ಮೀಸೆ, ನೈಟ್ರೊದಲ್ಲಿ ಗಡ್ಡ. ಚೆನ್ನಾಗಿ ನೆನಪಿದೆ.

ಹಳೆಯ ಗಂಟೆ:
ತಪ್ಪು. ಹಳೆಯ ಚಿತ್ರೀಕರಣವಾದ ರಾದಲ್ಲಿ ಗಡ್ಡ, ನೇರ ಪ್ರಸಾರದಲ್ಲಿ ಮೀಸೆ ಮಾತ್ರ. ಗಡ್ಡ ಬೋಳಿಸಿಕೊಂಡು ಬಂದಿದ್ದ. ದೃಶ್ಯ ನೋಡಿ ಬಂದು ಮಾತನಾಡಿ.

ಕೌಂಟ್ ಔಟ್:
ನೋಡಿದೆ, ಗಡ್ಡ ರಾದಲ್ಲೇ. ಆದರೆ ನಿಮ್ಮ ಬೆರಗಿನ ವಾದ ನಿಲ್ಲುವುದಿಲ್ಲ. ರೆಸಲ್‌ಮೇನಿಯಾ 38ಕ್ಕೆ ಕೋಡಿ ಬರುತ್ತಾನೆ ಎಂದು ವಾರಗಳ ಮೊದಲೇ ಎಲ್ಲರೂ ಓದಿದ್ದರು, ಆದರೂ ಅವನು ಕಾಣಿಸಿಕೊಂಡಾಗ ಕ್ರೀಡಾಂಗಣ ಸಿಡಿಯಿತು.

ಹಳೆಯ ಗಂಟೆ:
1995ರ ಸೆಪ್ಟೆಂಬರ್ 4, ಮೊದಲ ನೈಟ್ರೊ, ಲೆಕ್ಸ್ ಲೂಗರ್. ಹಿಂದಿನ ದಿನವಷ್ಟೇ ಆಗಿನ ಡಬ್ಲ್ಯುಡಬ್ಲ್ಯುಎಫ್‌ಗಾಗಿ ಆಡಿದ್ದವನು ನಡೆದು ಬಂದ. ಆ ರಾತ್ರಿಯ ಮತ್ತು ನಿಮ್ಮ ಕೋಡಿ ಬಂದ ರಾತ್ರಿಯ ಜನರ ಮುಖ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಬನ್ನಿ.

ತುದಿಹಗ್ಗ:
ಲೂಗರ್‌ಗಾಗಿ ಯಾರೂ ಏಳು ವರ್ಷ ಕಾದಿರಲಿಲ್ಲ. ಹೋಲಿಸುವುದಿದ್ದರೆ ಯುನೈಟೆಡ್ ಸೆಂಟರ್‌ನ ಜೊತೆ ಹೋಲಿಸಿ.