ನಾರ್ವಾ ಗೆದ್ದ ಹನ್ನೆರಡನೇ ಚಾರ್ಲ್ಸ್ ಪೀಟರನನ್ನು ಏಕೆ ಬೆನ್ನಟ್ಟಲಿಲ್ಲ?

ನಿವೃತ್ತ ಮೇಷ್ಟ್ರು, ಹಾಸನ

ಸ್ವೀಡನ್ನಿನ ಹನ್ನೆರಡನೇ ಚಾರ್ಲ್ಸ್ 1697ರಲ್ಲಿ, ಹದಿನೈದರ ಹರೆಯದಲ್ಲಿ ಪಟ್ಟಕ್ಕೆ ಬಂದವನು. ಹುಡುಗನೆಂದು ಬಗೆದು ಡೆನ್ಮಾರ್ಕ್, ಸ್ಯಾಕ್ಸನಿ, ರಷ್ಯಾಗಳು 1700ರಲ್ಲಿ ಒಟ್ಟಾಗಿ ಮೇಲೆ ಬಿದ್ದಾಗ, ಅವನು ಬೇಸಿಗೆಯಲ್ಲೇ ಡೆನ್ಮಾರ್ಕನ್ನು ಸಂಧಿಗೆ ತಂದು, ನವೆಂಬರಿನಲ್ಲಿ ರಷ್ಯಾದ ಗಡಿಯತ್ತ ತನ್ನ ಕೋಟೆಪಟ್ಟಣವಾಗಿದ್ದ ನಾರ್ವಾದ ಬಳಿ, ಶತ್ರುವಿನ ಮುಖಕ್ಕೆ ಹಿಮ ರಾಚುತ್ತಿದ್ದ ಹೊತ್ತಿನಲ್ಲಿ, ತನ್ನದಕ್ಕಿಂತ ಮೂರು ಪಟ್ಟು ಮಿಕ್ಕಿದ್ದ ರಷ್ಯನ್ ಸೇನೆಯನ್ನು ಮುರಿದನು. ಅಷ್ಟಾದ ಮೇಲೂ ರಷ್ಯಾದ ದೊರೆ ಜಾರ್ ಪೀಟರನನ್ನು ಬಿಟ್ಟು ಪೋಲೆಂಡಿನಲ್ಲಿ ಐದಾರು ವರ್ಷ ಕಳೆದದ್ದು ಹಟವೇ, ಲೆಕ್ಕಾಚಾರವೇ?

ಕಾಫಿ ತೋಟದವ, ಚಿಕ್ಕಮಗಳೂರು

ಮೇಷ್ಟ್ರೇ, ಮೊದಮೊದಲು ಅದು ಲೆಕ್ಕಾಚಾರವೇ ಆಗಿತ್ತು. ನಾರ್ವಾದ ನಂತರದ ಚಳಿಗಾಲದಲ್ಲಿ ಅವನ ಸೈನ್ಯವನ್ನು ರೋಗ ತಿಂದಿತ್ತು. ಪೋಲೆಂಡಿನ ದೊರೆಯೂ ಆಗಿದ್ದ ಸ್ಯಾಕ್ಸನಿಯ ಆಗಸ್ಟಸನನ್ನು ಬೆನ್ನಿಗೆ ಬಿಟ್ಟುಕೊಂಡು ರಷ್ಯಾದೊಳಕ್ಕೆ ಹೋಗುವುದು ಯಾವ ಸೇನಾನಿಗೂ ಸಲ್ಲದ ಮಾತು. ಆದರೆ 1702ರಲ್ಲಿ ಪೋಲೆಂಡಿನ ಕ್ಲಿಶೋವ್ ಕಾಳಗ ಗೆದ್ದ ಮೇಲೂ, ಆಗಸ್ಟಸನನ್ನು ಗದ್ದುಗೆಯಿಂದ ಇಳಿಸಲೇಬೇಕೆಂದು ಕುಳಿತದ್ದನ್ನು ನಾನು ಹಟವೆಂದೇ ಕರೆಯುತ್ತೇನೆ. 1706ರಲ್ಲಿ ಅದು ನೆರವೇರಿತು ನಿಜ, ಅಷ್ಟರಲ್ಲಿ ಪೀಟರ್ 1703ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಅಡಿಪಾಯ ಹಾಕಿ, ಮರುವರ್ಷ ಅದೇ ನಾರ್ವಾವನ್ನು ಕಿತ್ತುಕೊಂಡಿದ್ದನು.

ಹೇಮಾವತಿ ದಂಡೆ, ಸಕಲೇಶಪುರ

ನನಗೆ ಪೋಲೆಂಡಿಗಿಂತ 1708ರ ರಷ್ಯಾ ದಂಡಯಾತ್ರೆ ದೊಡ್ಡ ತಪ್ಪಾಗಿ ಕಾಣುತ್ತದೆ. ರಷ್ಯನ್ನರು ದಾರಿಯುದ್ದಕ್ಕೂ ಊರು, ಕಣಜಗಳನ್ನು ಸುಟ್ಟುಕೊಂಡು ಹಿಂದೆ ಸರಿದಾಗ, ತನ್ನ ಸೇನಾನಿ ಲೆವೆನ್‌ಹೌಪ್ಟ್ ತರುತ್ತಿದ್ದ ದವಸ, ಮದ್ದುಗುಂಡುಗಳ ಗಾಡಿಸಾಲಿಗೆ ಕಾಯದೆ ಚಾರ್ಲ್ಸ್ ಉಕ್ರೇನಿನತ್ತ ತಿರುಗಿದನು. ಆ ಗಾಡಿಗಳು ಲೆಸ್ನಾಯಾದಲ್ಲಿ ಕೈತಪ್ಪಿದವು. ಮುಂದೆ ಯುರೋಪಿಗೇ ಅಪರೂಪವಾದ ಚಳಿ. 1709ರಲ್ಲಿ ಪೊಲ್ಟಾವಾಕ್ಕೆ ಬರುವಾಗ ಕಾಲಿಗೆ ಗುಂಡೇಟು ತಿಂದ ದೊರೆಯನ್ನು ಡೋಲಿಯಲ್ಲಿ ಹೊತ್ತಿದ್ದರು, ಕಾಳಗಕ್ಕೆ ತಂದದ್ದು ನಾಲ್ಕೇ ಫಿರಂಗಿ.

ಪೊಲ್ಟಾವಾದ ಸೋಲು ಸ್ವೀಡನ್ನಿನ ಊರೂರಿಗೂ ಮುಟ್ಟಿತು. ಅಲ್ಲಿ ಕೆಲವು ಮನೆಗಳು ಸೇರಿ ಒಬ್ಬ ಸೈನಿಕನಿಗೆ ಗುಡಿಸಲು, ತುಂಡು ಹೊಲ ಕೊಟ್ಟು ಸಾಕಬೇಕಿತ್ತು. ನಮ್ಮ ಉಂಬಳಿಯನ್ನು ನೆನೆಸಿಕೊಳ್ಳಿ, ಆದರೆ ಕೊಡುವವನು ಅರಸನಲ್ಲ, ರೈತ. ಆ ಸೈನಿಕ ಸತ್ತರೆ ಆ ಮನೆಗಳೇ ಇನ್ನೊಬ್ಬನನ್ನು ಒದಗಿಸಬೇಕು.

ನಿವೃತ್ತ ಮೇಷ್ಟ್ರು, ಹಾಸನ

ಗಾಡಿಸಾಲಿನ ಮಾತನ್ನು ಒಪ್ಪುತ್ತೇನೆ. ಆಮೇಲಿನ ಐದು ವರ್ಷ ತುರ್ಕರ ಆಶ್ರಯದಲ್ಲಿ ಕಳೆಯಿತಲ್ಲ, 1718ರಲ್ಲಿ ನಾರ್ವೆಗೆ ಹೋದದ್ದೇಕೆ?

ಹೇಮಾವತಿ ದಂಡೆ, ಸಕಲೇಶಪುರ

ನಾರ್ವೆ ಆಗ ಡೆನ್ಮಾರ್ಕಿನ ದೊರೆಯದು. ಅದನ್ನು ಹಿಡಿದರೆ ಸಂಧಿಯಲ್ಲಿ ಚೌಕಾಸಿಗೆ ಬಲ ಬರುತ್ತಿತ್ತು. ನಮ್ಮ ಮಂಜರಾಬಾದಿನ ನಕ್ಷತ್ರಾಕಾರದ ಗೋಡೆಗಳನ್ನು ಕಂಡವರಿಗೆ, ಫಿರಂಗಿ ಕಾಲದ ಕೋಟೆಗೆ ನೇರವಾಗಿ ನುಗ್ಗದೆ ಕಂದಕ ತೋಡುತ್ತಾ ಹತ್ತಿರ ಸರಿಯುವುದೇಕೆಂದು ಹೇಳಬೇಕಾಗಿಲ್ಲ. ಫ್ರೆಡ್ರಿಕ್‌ಸ್ಟೆನ್ ಕೋಟೆಯ ಮುಂದೆ ಅಂಥದ್ದೇ ಕಂದಕದಲ್ಲಿ ತಲೆಯೆತ್ತಿ ನೋಡುತ್ತಿದ್ದಾಗ ಚಾರ್ಲ್ಸ್ ಗುಂಡು ತಗುಲಿ ಸತ್ತನು. ಅದು ಕೋಟೆಯವರದೋ ಸ್ವಂತದವರದೋ ಎಂಬ ವಾದ ಇನ್ನೂ ನಿಂತಿಲ್ಲ.

ಕಾಫಿ ತೋಟದವ, ಚಿಕ್ಕಮಗಳೂರು

ದೊರೆ ದೂರದಲ್ಲಿದ್ದಾಗ ನಾಡಿಗೆ ಆಪತ್ತು ಬಂದ ಕಥೆ ನಮ್ಮಲ್ಲೂ ಇದೆ. 1311ರಲ್ಲಿ ಮಲಿಕ್ ಕಾಫೂರ್ ದೋರಸಮುದ್ರಕ್ಕೆ ಬಂದಾಗ ಮುಮ್ಮಡಿ ಬಲ್ಲಾಳ ತಮಿಳುನಾಡಿನ ಕಡೆಗೆ ದಂಡೆತ್ತಿ ಹೋಗಿದ್ದನು. ಆದರೆ ಬಲ್ಲಾಳ ಓಡಿಬಂದು ಕಪ್ಪ ಕೊಟ್ಟನು. ಚಾರ್ಲ್ಸ್ 1700ರಲ್ಲಿ ಬಿಟ್ಟ ಸ್ಟಾಕ್‌ಹೋಮನ್ನು ಮತ್ತೆ ಕಾಣಲೇ ಇಲ್ಲ.