ಕಾದಂಬರಿ ನಡುವೆ ನಿಂತುಬಿಟ್ಟರೆ?

ಕಾರವಾರಿ: ಮೀನುಗಾರರ ಕುಟುಂಬದ ಕಾದಂಬರಿ 40ನೇ ಪುಟಕ್ಕೆ ನಿಂತಿದೆ. ಸ್ಫೂರ್ತಿ ಬರೋವರೆಗೆ ಕಾಯೋದಾ?

ಕಾಳಿದಂಡೆ: ಬೇಡ. ನಾಯಕನಿಗೆ ಬೇಕಾದದ್ದೇನು ಅನ್ನೋದು ಬರೆಯೋರಿಗೇ ಸ್ಪಷ್ಟವಿಲ್ಲದಾಗ ಹೀಗೆ ನಿಲ್ಲುತ್ತೆ. ಅದನ್ನು ಒಂದು ಸಾಲಲ್ಲಿ ಬರೆಯಿರಿ, ಅಡ್ಡ ಬರೋದನ್ನು ಇನ್ನೊಂದರಲ್ಲಿ. ದಿನಕ್ಕೆ 300 ಪದ ಸಾಕು. ಬರೆದು ಏಳುವಾಗ ಕೊನೇ ವಾಕ್ಯವನ್ನು ಅರ್ಧಕ್ಕೇ ಬಿಡಿ, ಮರುದಿನ ಎಳೆ ಸಿಗುತ್ತೆ.

ಶಿರಸಿಮಳೆ: ಕ್ಯಾಲೆಂಡರನ್ನೂ ನೋಡಿ ಮಾರಾಯ್ರೆ. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ; ಟ್ರಾಲರ್, ಅಂದ್ರೆ ಬಲೆ ಎಳೆಯೋ ಎಂಜಿನ್ ದೋಣಿ, ಕಡಲಿಗೆ ಇಳಿಯೋ ಹಾಗಿಲ್ಲ. ಆ 61 ದಿನ ಬಲೆ ರಿಪೇರಿ, ಸಾಲ, ಸೋರೋ ಮಾಡಿನಡಿ ಜಗಳ. ಕಥೆ ಅಲ್ಲೇ ಕೂತಿದೆ.

ಕಾರವಾರಿ: ಅಯ್ಯೋ, ಮೂರನೇ ಅಧ್ಯಾಯ ಜುಲೈನಲ್ಲಿ ಟ್ರಾಲರ್ ಮೇಲೇ ಇದೆ!

ಶಿರಸಿಮಳೆ: ಹುಟ್ಟು ಹಾಕೋ ಪಾತಿದೋಣಿಗೆ ಇಳಿಸಿ. ಅದಕ್ಕೆ ನಿಷೇಧವಿಲ್ಲ, ಅಪಾಯವೂ ಜಾಸ್ತಿ.