ಪದಚರ್ಚೆ: ‘ಮೆಶ್ ಸೈಜ್’, ‘ಕಾಡ್ ಎಂಡ್’ – ಫಲಕಕ್ಕೆ ಬೇಕು, ತುರ್ತು

ಮಾಂಡೋವಿ (ಪಣಜಿ):
ಬಳಗಕ್ಕೆ ನಮಸ್ಕಾರ. ಮಾಲಿಂ ಜೆಟ್ಟಿಯಲ್ಲಿ ನಿಲ್ಲಿಸುವ ಒಂದು ಫಲಕದ ಕನ್ನಡ ನನ್ನ ಪಾಲಿಗೆ ಬಂದಿದೆ. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗಿಳಿಯುತ್ತವೆ, ಅಷ್ಟರಲ್ಲಿ ನಿಲ್ಲಬೇಕು. ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತದೆ. ಹಲವು ದೇಶಗಳು ಒಂದೇ ಕಡಲಲ್ಲಿ ಮೀನು ಹಿಡಿಯುವ ಕಡೆ ಬಲೆಯ ನಿಯಮಗಳನ್ನು ಸರಳ ಮಾಡಿದ್ದು ಹೇಗೆ ಅನ್ನುವುದು ವಿಷಯ. ಯುರೋಪಿನ ಒಕ್ಕೂಟ 1998ರ ನಿಯಮಾವಳಿಯನ್ನೂ ಅದರ ಸುತ್ತ ಬೆಳೆದಿದ್ದ ಬೇರೆ ಕೆಲವನ್ನೂ ತೆಗೆದುಹಾಕಿ 2019ರಲ್ಲಿ ಒಂದೇ ನಿಯಮಾವಳಿ (2019/1241) ತಂದಿತು. ಎಲ್ಲರಿಗೂ ಅನ್ವಯಿಸುವುದು ಮೊದಲು, ಆಯಾ ಕಡಲಿನ ವಿವರ ಅನುಬಂಧದಲ್ಲಿ.

‘ಮೆಶ್ ಸೈಜ್’ ಅಂದರೆ ಬಲೆಯ ತೂತಿನ ಅಳತೆ, ‘ಕಾಡ್ ಎಂಡ್’ ಅಂದರೆ ಮೀನು ಬಂದು ಸೇರುವ ಬಲೆಯ ಕೊನೆಯ ಭಾಗ. ನನ್ನ ಕೈಗೆ ಬಂದ ಕನ್ನಡ ಕರಡು ಹೀಗಿದೆ: “ಮತ್ಸ್ಯ ದಾಸ್ತಾನು ಸಂರಕ್ಷಣೆಗೆ ತಾಂತ್ರಿಕ ಕ್ರಮಗಳು. ಮೆಡಿಟರೇನಿಯನ್‌ನಲ್ಲಿ ಎಳೆಬಲೆಯ ಕಾಡ್ ಮೀನಿನ ತುದಿಯ ಕನಿಷ್ಠ ಜಾಲರಂಧ್ರ ಗಾತ್ರವು 40 ಮಿ.ಮೀ. ಚೌಕ ಅಥವಾ 50 ಮಿ.ಮೀ. ವಜ್ರ ಇರತಕ್ಕದ್ದು.”

ಹೊನ್ನಾವರ ಕಡೆಯ ಇಬ್ಬರು ಕಲಾಸಿಗಳಿಗೆ (ಬೋಟಿನ ಕೆಲಸದವರಿಗೆ) ಓದಿ ಹೇಳಿದೆ. ಒಬ್ಬ “ವಜ್ರ ಎಲ್ಲುಂಟು?” ಅಂದ. ನಿಯಮ ಸರಳವಾದ ಕಥೆ ಹೇಳುವ ಫಲಕವೇ ಹೀಗಾದರೆ ಹೇಗೆ? ದಯವಿಟ್ಟು ಪದ ಕೊಡಿ.

ದಾದರ್ ಮೇಷ್ಟ್ರು:
ಆ ಕರಡು ಮಾಡಿದವರು ಬಲೆ ಕಂಡವರಲ್ಲ. ಇಲ್ಲಿಯ ‘ಕಾಡ್’ಗೂ ಕಾಡ್ ಮೀನಿಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಚೀಲ, ಕಾಳಿನ ಸಿಪ್ಪೆ ಎಂಬ ಅರ್ಥ. ಬಟಾಣಿಯ ಸಿಪ್ಪೆ ‘ಪೀಸ್‌ಕಾಡ್’. ಆದ್ದರಿಂದ ‘ತುದಿಚೀಲ’ ಸಾಕು. ‘ಜಾಲರಂಧ್ರ’ ಬೇಡ, ಬಲೆಗೆ ಇರುವುದು ಕಣ್ಣು. ಆದರೆ ನನಗೆ ಬಹಳ ದಿನದ ಅನುಮಾನವೊಂದಿದೆ. ಇದು ನೋಡುವ ಕಣ್ಣಲ್ಲ, ‘ಕಣ್ಣಿ’. ದನ ಕಟ್ಟುವ ಕಣ್ಣಿ, ಉರುಳು. ಮಲಯಾಳದಲ್ಲಿ ‘ವಲಕ್ಕಣ್ಣಿ’ ಎಂದೇ ಹೇಳುತ್ತಾರೆ, ತಮಿಳಿನಲ್ಲಿ ಉರುಳಿಗೆ ‘ಕಣ್ಣಿ’. ನಮ್ಮಲ್ಲಿ ಜನ ಅದನ್ನು ಕಣ್ಣು ಎಂದು ತಪ್ಪು ತಿಳಿದುಕೊಂಡಿರಬೇಕು. ಫಲಕದಲ್ಲಿ ‘ಬಲೆಗಣ್ಣಿ’ ಎಂದು ಹಾಕಿದರೆ ಒಂದು ಪದ ಉಳಿದೀತು.

ಅಚ್ಚಗನ್ನಡ (ಪುಣೆ):
ಮೇಶ್ಟ್ರು ಹತ್ತಿರ ಬಂದು ದಾರಿ ತಪ್ಪಿದರು. ಬಟಾಣಿಯ ಸಿಪ್ಪೆಗೆ ನಮ್ಮ ಒರೆ ‘ಕೋಡು’. ನುಗ್ಗೆಕೋಡು ಅಂತೀವಲ್ಲ. ಹಾಗಾದರೆ ಇದು ‘ಬಲೆಗೋಡು’. ಇಂಗ್ಲಿಶಿನ ಕಾಡ್ ಪಕ್ಕ ಇಟ್ಟರೆ ಉಲಿಯೂ ಹೊಂದುತ್ತೆ. ‘ತಾಂತ್ರಿಕ ಕ್ರಮ’ ಎರವಲು, ‘ಚಳಕದ ಕಟ್ಟಲೆ’ ಅನ್ನಿ. ‘ಮತ್ಸ್ಯ’ ಸಂಸ್ಕ್ರುತ, ‘ದಾಸ್ತಾನು’ ಪಾರಸಿ. ಒಂದೇ ಸಾಲಿನಲ್ಲಿ ಎರಡು ಕಡೆಯ ಸಾಲ.

ಮಲ್ಪೆಯವ (ಸಸೂನ್ ಡಾಕ್, ಮುಂಬಯಿ):
ಬಲೆಗೋಡು ಅಂದ್ರೆ ನಮ್ಮ ಬೋಟು ನಡೆಸುವ ತಾಂಡೇಲರು ಬಲೆಯಲ್ಲಿ ನುಗ್ಗೆ ಸಿಕ್ಕಿತಾ ಅಂತ ಕೇಳ್ತಾರೆ ಮಾರಾಯ್ರೆ. ‘ಚಳಕ’ ಅಂದ್ರೆ ಕೈಚಳಕ, ಬೇರೆಯೇ ಅರ್ಥ ಉಂಟು. ‘ತಾಂತ್ರಿಕ’ ಓದಿದ್ರೆ ನಮ್ಮ ಕಡೆಯವರಿಗೆ ತಂತ್ರಿಗಳು, ಬ್ರಹ್ಮಕಲಶ ನೆನಪಾಗ್ತದೆ. “ಬಲೆಯ ನಿಯಮ” ಅಂತ ಬರೀರಿ, ಮುಗೀತು.

ಮೊದಲು ಇದು ಹೇಳಿ: 50 ಮಿ.ಮೀ. ಅಂದ್ರೆ ಎಲ್ಲಿಂದ ಎಲ್ಲಿಗೆ? ಕಣ್ಣಿನ ಒಂದು ಬದಿಯಾ, ಎಳೆದು ಹಿಡಿದಾಗ ಎದುರುಬದುರು ಗಂಟಿನ ನಡುವಿನದ್ದಾ? ಬದಿ 25 ಇದ್ರೆ ಎಳೆದಾಗ ಹತ್ತಿರ ಹತ್ತಿರ 50 ಆಗ್ತದೆ. ಯುರೋಪಿನ ನಿಯಮದಲ್ಲಿ ಗಂಟಿನ ಬಲೆಗೆ ಎಳೆದ ಅಳತೆಯೇ. ಅದು ಹೇಳದೆ ಅಂಕಿ ಮಾತ್ರ ಹಾಕಿದ್ರೆ ಒಬ್ಬ ಹೀಗೆ, ಇನ್ನೊಬ್ಬ ಹಾಗೆ ಅಳೀತಾನೆ. ಪದ ಯಾವುದಾದ್ರೂ ಆಗಲಿ.

ಇನ್ನು ಚೌಕಕ್ಕೆ 40 ಸಾಕು, ‘ವಜ್ರ’ಕ್ಕೆ 50 ಬೇಕು, ಯಾಕೆ ಅಂತ ಜನ ಕೇಳಿಯೇ ಕೇಳ್ತಾರೆ. ಬೋಟು ಎಳೆಯುವಾಗ ಸೊಟ್ಟ ಕಣ್ಣು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ತದೆ, ಚೀಲ ತುಂಬಿದಷ್ಟೂ ಇನ್ನೂ ಬಿಗೀತದೆ. ಚೌಕದ್ದು ತೆರೆದೇ ಇರ್ತದೆ, ಮರಿಮೀನು ನುಸುಳಿ ಹೋಗ್ತದೆ. ಅದಿಲ್ಲದಿದ್ರೆ ಬೆರಳುದ್ದದ ಬಂಗುಡೆಯೂ ಫಿಶ್‌ಮೀಲಿಗೇ. ಕಾಡ್ ಎಂಡ್‌ಗೆ ಬೋಟಲ್ಲಿ ನಾವು ‘ಕಾಡೆಂಡ್’ ಅಂತಲೇ ಹೇಳೋದು. ಓದುವವರಿಗೆ ‘ಹಿಂದಿನ ಚೀಲ’ ಸಾಕು.

ಮಾಂಡೋವಿ:
ಅಳತೆಯ ಮಾತು ನನಗೆ ಹೊಳೆದೇ ಇರಲಿಲ್ಲ, ಉಪಕಾರವಾಯಿತು. ‘ವಜ್ರ’ಕ್ಕೆ? ಶಾಲೆಯ ಗಣಿತದಲ್ಲಿ ವಜ್ರಾಕೃತಿ ಅಂತ ಓದಿದ್ದೆವು, ಆದರೆ ಕಲಾಸಿ ನಕ್ಕಿದ್ದೇ ಅದಕ್ಕೆ.

ಮಲ್ಪೆಯವ:
ಶಂಕರಪೋಳಿ.

ಅಚ್ಚಗನ್ನಡ:
ತಮಾಶೆ ಸಾಕು. ‘ಶಂಕರ’ವೂ ಎರವಲೇ.

ದಾದರ್ ಮೇಷ್ಟ್ರು:
ತಮಾಷೆಯಲ್ಲ, ನಾನು ಒಪ್ಪುತ್ತೇನೆ. ಕಾರವಾರದಿಂದ ಮುಂಬಯಿವರೆಗೆ ಶಂಕರಪೋಳಿ ಗೊತ್ತಿಲ್ಲದವರಿಲ್ಲ, ಚಿತ್ರ ಬರೆಯದೆ ಆಕಾರ ತಿಳಿಯುತ್ತದೆ. ಪುಣೆಯ ಮಿತ್ರರೇ, ‘ತಮಾಶೆ’ ಎಲ್ಲಿಯದು ಸ್ವಾಮಿ? ಷ ಕಿತ್ತು ಶ ಇಟ್ಟರೆ ಅರಬಿ ಪದ ಕನ್ನಡವಾಗುವುದಿಲ್ಲ. ಎರವಲು ತಗೊಂಡರೆ ಕಡಲಿನವರ ಬಾಯಿಂದ ತಗೊಳ್ಳಿ, ನಿಘಂಟಿನಿಂದ ಬೇಡ. ‘ಬಲೆ’ಯೇ ನೋಡಿ: ತಮಿಳಿನ ವಲೈ, ತೆಲುಗಿನ ವಲ. ನಮ್ಮಲ್ಲಿ ವ ಹೋಗಿ ಬ ಆಯಿತು. ಅಷ್ಟು ಹಳೆಯ ಪದ ಕೈಯಲ್ಲಿದ್ದೂ ‘ಜಾಲ’ ಬರೆಯುತ್ತಾರಲ್ಲ, ನನ್ನ ಸಿಟ್ಟು ಅಲ್ಲಿ.

ಅಚ್ಚಗನ್ನಡ:
ಹಾಗಾದರೆ ‘ದಾಸ್ತಾನು’ ಇರಲಿ ಅಂತೀರಾ?

ದಾದರ್ ಮೇಷ್ಟ್ರು:
ಬೇಡ. ಪಾರಸಿ ಎಂದಲ್ಲ, ಅರ್ಥ ತಪ್ಪು ಎಂದು. ದಾಸ್ತಾನು ಎಂದರೆ ಹಿಡಿದು ಐಸಿನಲ್ಲಿ ಇಟ್ಟದ್ದು. ಕಾಯಬೇಕಾದದ್ದು ಇನ್ನೂ ಕಡಲಲ್ಲಿ ಈಜುತ್ತಿರುವುದು, ಮೊಟ್ಟೆ ಇಡುವುದು. ‘ಮೀನಿನ ಸಂತತಿ’ ಎನ್ನಿ.

ಮಲ್ಪೆಯವ:
ಇದು ಸರಿ.

ಮಾಂಡೋವಿ:
ಮುದ್ರಣಕ್ಕೆ ಹೀಗೆ ಕಳಿಸಿದ್ದೇನೆ:
“ಮೀನಿನ ಸಂತತಿ ಉಳಿಯಲು ಬಲೆಯ ನಿಯಮ. ಮೆಡಿಟರೇನಿಯನ್ ಕಡಲಲ್ಲಿ ಟ್ರಾಲ್ ಬಲೆಯ ಹಿಂದಿನ ಚೀಲದ (ಕಾಡೆಂಡ್) ಕಣ್ಣು ಚೌಕವಾದರೆ 40 ಮಿ.ಮೀ., ಶಂಕರಪೋಳಿ ಆಕಾರದ್ದಾದರೆ 50 ಮಿ.ಮೀ.ಗಿಂತ ಕಡಿಮೆ ಇರಬಾರದು. ಅಳತೆ: ಕಣ್ಣನ್ನು ಪೂರ್ತಿ ಎಳೆದು ಹಿಡಿದು, ಎದುರು ಗಂಟಿನಿಂದ ಗಂಟಿಗೆ.”
ಕಲಾಸಿಗೆ ಮತ್ತೆ ಓದಿದೆ. ಈ ಸಲ ನಗಲಿಲ್ಲ, ತನ್ನ ಬೋಟಿನ ಬಲೆ ಎತ್ತಿ ಬೆರಳಲ್ಲಿ ಅಳೆದು ನೋಡಿದ. ಎಷ್ಟಿತ್ತು ಅಂತ ಹೇಳಲಿಲ್ಲ.

ದಾದರ್ ಮೇಷ್ಟ್ರು:
ಚೆನ್ನಾಗಿದೆ. ‘ಕಣ್ಣಿ’ ವಿಚಾರ ಬೇರೆ ಎಳೆಯಲ್ಲಿ ಮುಂದುವರಿಸುತ್ತೇನೆ.

ಅಚ್ಚಗನ್ನಡ:
ಬಲೆಗೋಡು ಅಲ್ಲಿಗೂ ಬರುತ್ತೆ.